ಹನ್ನೊಂದನೇ ಪುಟದಿಂದ ಓದಿದ ತೀರ್ಪು

ನಮ್ಮ ಮಾವ ಕೆಲಸ ಬಿಟ್ಟು ಮೂರು ತಿಂಗಳಾಯಿತು. ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡು, ವಾರ್ಷಿಕ ಸಂಪುಟದ ಕೊನೆಯಲ್ಲಿ ಹಾಕೋಣ ಎಂದು ನಮ್ಮ ಪತ್ರಿಕೆಯ ಯಜಮಾನರು ಅಂದಿನಿಂದ ಬೆನ್ನು ಬಿದ್ದಿದ್ದಾರೆ. ಬರೆಯಲು ಕೂತಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ. ಒಳ್ಳೆಯ ಮಾತಿಗೇನೂ ಬರವಿಲ್ಲ. ಆದರೆ ಅವರು ಮಾಡಿದ ಒಂದು ತಪ್ಪನ್ನು ಬಿಟ್ಟು ಅವರ ಬಗ್ಗೆ ಬರೆದರೆ ಅದು ಸುಳ್ಳಾಗುತ್ತದೆ. ಆ ತಪ್ಪನ್ನು ಬರೆಯ ಹೊರಟರೆ ನನ್ನ ಮಾನ ಹೋಗುತ್ತದೆ. ಹೋಗುವುದಾದರೆ ಹೋಗಲಿ. ಒಬ್ಬ ಹೆಂಗಸಿನ ಎರಡು ಕೋಣೆಯ ಮನೆಯ ಮುಂದೆ ನನ್ನ ಮಾನ ಯಾವ ಲೆಕ್ಕ? ಯಜಮಾನರು ಇದನ್ನು ಅಚ್ಚು ಹಾಕುವುದಿಲ್ಲ, ಅದೂ ಗೊತ್ತು.

ನಮ್ಮದು ತೀರ್ಪುಗಳ ಮಾಸಪತ್ರಿಕೆ. ದೊಡ್ಡ ನ್ಯಾಯಾಲಯ ಕೊಟ್ಟ ತೀರ್ಪುಗಳಲ್ಲಿ ಮುಖ್ಯವಾದವನ್ನು ಆರಿಸಿ ಅಚ್ಚು ಹಾಕುತ್ತೇವೆ, ವಕೀಲರು ಕೊಳ್ಳುತ್ತಾರೆ. ಒಂದೊಂದು ತೀರ್ಪು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನೂರು ಪುಟ. ಅದನ್ನೆಲ್ಲ ಓದುವ ಪುರುಸೊತ್ತು ಯಾರಿಗಿದೆ? ಅದಕ್ಕೇ ಪ್ರತಿ ತೀರ್ಪಿನ ನೆತ್ತಿಯ ಮೇಲೆ ನಾಲ್ಕು ಸಾಲಿನ ಸಾರಾಂಶ ಇರುತ್ತದೆ. ವಕೀಲರು ಅದನ್ನು ಹೆಡ್‌ನೋಟ್ ಅನ್ನುತ್ತಾರೆ. ಅದು ನ್ಯಾಯಾಧೀಶರು ಬರೆದದ್ದಲ್ಲ, ನಮ್ಮ ಆಫೀಸಿನಲ್ಲಿ ಬರೆದದ್ದು. ಮೂವತ್ತೊಂದು ವರ್ಷ ಅದನ್ನು ಬರೆದವರು ನಮ್ಮ ಮಾವ.

ಮಾವ ಅಂದರೆ ಅಮ್ಮನ ಅಣ್ಣ. ಕಾನೂನು ಓದಿ, ಕರಿ ಕೋಟು ಹೊಲಿಸಿಕೊಂಡು, ಒಂದೇ ಒಂದು ದಿನ ವಕೀಲಿ ಮಾಡಿದವರು. ಅವತ್ತು ನ್ಯಾಯಾಧೀಶರ ಮುಂದೆ ಎದ್ದು ನಿಂತವರಿಗೆ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲವಂತೆ. ಎದುರು ಪಕ್ಷದ ವಕೀಲನೇ ಅಯ್ಯೋ ಪಾಪ ಅಂತ ಎದ್ದು ಇವರ ಪರವಾಗಿ ತಾರೀಕು ಕೇಳಿದನಂತೆ. ಆ ಕೋಟು ಅತ್ತೆಯ ಬೀರುವಿನಲ್ಲಿ ಇನ್ನೂ ಇದೆ. ಬಾಯಿ ಕೈಕೊಟ್ಟದ್ದನ್ನು ಕೈ ತುಂಬಿಕೊಟ್ಟಿತು. ಬರೆಯಲು ಕೂತರೆ ಮಾತ್ರ ಮಾವ ಹುಲಿ. ನಲವತ್ತು ಪುಟವನ್ನು ನಾಲ್ಕು ಸಾಲಿಗೆ ಇಳಿಸುತ್ತಿದ್ದರು, ಅದರಲ್ಲಿ ಒಂದು ಪದ ತೆಗೆಯಲು ಆಗುತ್ತಿರಲಿಲ್ಲ, ಒಂದು ಪದ ಸೇರಿಸಲು ಆಗುತ್ತಿರಲಿಲ್ಲ. ವಕೀಲರೆಲ್ಲ ಅವರನ್ನು ಚುಟುಕು ಮೇಷ್ಟ್ರು ಅನ್ನುತ್ತಿದ್ದರು. ಮನೆಯಲ್ಲೂ ಅದೇ ಚಾಳಿ. ಅತ್ತೆ ಅರ್ಧ ಗಂಟೆ ನಲ್ಲಿ ಸೋರುವುದು, ಸಕ್ಕರೆ ಮುಗಿದದ್ದು, ಪಕ್ಕದ ಮನೆಯವರ ರೇಡಿಯೋ ಎಲ್ಲ ಹೇಳಿಕೊಂಡರೆ ಮಾವ ಪತ್ರಿಕೆಯಿಂದ ತಲೆ ಎತ್ತದೆ, "ಮೊದಲ ಎರಡು ಅರ್ಜಿ ಪುರಸ್ಕೃತ, ಮೂರನೆಯದು ವಜಾ" ಅನ್ನುತ್ತಿದ್ದರು. "ಈ ಮನುಷ್ಯನ ಜೊತೆ ಸಂಸಾರ ಮಾಡಿದ್ದಕ್ಕೆ ನನಗೊಂದು ಸಾರಾಂಶ ಬರೆದುಕೊಡ್ಲಿ ನೋಡೋಣ" ಎಂದು ಅತ್ತೆ ಸೌಟು ಕುಟ್ಟುತ್ತಿದ್ದರು.

ನಾನು ಅವರ ಕೈಕೆಳಗೆ ಪ್ರೂಫ್ ಓದುವವಳು. ಅಪ್ಪ ಹೋದಾಗ ನಾನು ಕಾಲೇಜಿನ ಎರಡನೇ ವರ್ಷದಲ್ಲಿದ್ದೆ. ಮನೆ ನಡೆಯಬೇಕಿತ್ತು, ಮಾವ ಕರೆದುಕೊಂಡು ಬಂದು ಈ ಕುರ್ಚಿಯಲ್ಲಿ ಕೂರಿಸಿದರು. ಕೆಲಸ ಹೀಗೆ: ಒಬ್ಬಳು ನ್ಯಾಯಾಲಯದಿಂದ ಬಂದ ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾಳೆ, ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ಸೇರಿಸಿ. ಇನ್ನೊಬ್ಬಳು ಪ್ರೂಫಿನ ಮೇಲೆ ಪೆನ್ಸಿಲ್ ಆಡಿಸುತ್ತಾಳೆ. ತೀರ್ಪಿನ ಪ್ರತಿ ಅಕ್ಷರವನ್ನೂ ಹೀಗೆ ತಾಳೆ ನೋಡುತ್ತೇವೆ. ಹೆಡ್‌ನೋಟನ್ನು ಮಾತ್ರ ತಾಳೆ ನೋಡುವುದಿಲ್ಲ. ಯಾವುದರ ಜೊತೆ ನೋಡುವುದು? ಅದಕ್ಕೆ ಮೂಲ ಇರುವುದು ಮಾವನ ತಲೆಯಲ್ಲಿ.

ಹದಿನೈದು ವರ್ಷದ ಹಿಂದಿನ ಮಾತು. ಸಂಚಿಕೆ ಮುದ್ರಣಕ್ಕೆ ಹೋಗುವ ದಿನ. ಸಾಯಂಕಾಲ ಐದಕ್ಕೆ ಪುಟಗಳು ಯಂತ್ರದ ಕೋಣೆಗೆ ಇಳಿಯಬೇಕು. ಬೆಳಿಗ್ಗೆ ಮಾವ ಬರೆದ ಬೇರೊಂದು ಹೆಡ್‌ನೋಟಿನಲ್ಲಿ ನನಗೆ ಏನೋ ಅನುಮಾನ ಬಂತು. ಎದ್ದು ಹೋಗಿ, "ಮಾವ, ಇಲ್ಲಿ ಅರ್ಥ ಸ್ವಲ್ಪ ಬೇರೆ ಆಗುತ್ತಲ್ವಾ?" ಎಂದೆ. ಆಗಲೇ ಅವರಿಗೆ ಹತ್ತು ಕಡೆಯಿಂದ ತಲೆಬಿಸಿ. ಇಬ್ಬರು ಟೈಪಿಸ್ಟರಿದ್ದರು, ಹಳೆಯ ಸಂಚಿಕೆ ಕೇಳಿಕೊಂಡು ಬಂದ ಒಬ್ಬ ವಕೀಲನಿದ್ದ. ಎಲ್ಲರ ಮುಂದೆ ಮಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ನೀನು ನೋಡ್ಬೇಕಾದ್ದು ಅಕ್ಷರ ಕಣೇ, ಕಾನೂನಲ್ಲ. ಕಾನೂನು ನೋಡೋ ಆಸೆ ಇದ್ದಿದ್ರೆ ಕಾಲೇಜು ಮುಗಿಸ್ಬೇಕಿತ್ತು."

ವಕೀಲ ಕಿಸಕ್ಕನೆ ನಕ್ಕ. ಮಾವ ಆ ಮಾತನ್ನು ಯೋಚಿಸಿ ಆಡಿದ್ದಲ್ಲ, ಆಡಿದ ಮರುಗಳಿಗೆ ಮರೆತೂ ಬಿಟ್ಟರು. ನನಗೆ ಮರೆಯಲಾಗಲಿಲ್ಲ. ನನ್ನ ಸಿಟ್ಟು ಹಾಗೇ, ಮೂಗಿನ ತುದಿಯಲ್ಲಿರುವುದಿಲ್ಲ, ಹೊಟ್ಟೆಯೊಳಗೆ ಕೂತು ಕುದಿಯುತ್ತದೆ. ಮಧ್ಯಾಹ್ನ ಡಬ್ಬಿ ಬಿಚ್ಚಲಿಲ್ಲ. ಮಾವ ಬಂದು, "ಏನೇ, ಉಪವಾಸ ಸತ್ಯಾಗ್ರಹವಾ?" ಎಂದು ತಮಾಷೆ ಮಾಡಿ ಹೋದರು. ಅದಕ್ಕೆ ಇನ್ನಷ್ಟು ಉರಿಯಿತು.

ಅವತ್ತು ಕೊನೆಯದಾಗಿ ಬಂದದ್ದು ಒಂದು ಬಾಡಿಗೆ ಮನೆಯ ತೀರ್ಪು. ಹದಿನಾರು ಪುಟ. ಬಾಡಿಗೆದಾರ ಯಾವ ಸರಿಯಾದ ಕಾರಣವೂ ಇಲ್ಲದೆ ಆರು ತಿಂಗಳು ಮನೆಗೆ ಬೀಗ ಹಾಕಿಟ್ಟರೆ ಮಾಲೀಕ ಬಿಡಿಸಿಕೊಳ್ಳಬಹುದು ಎಂದು ಕಾಯಿದೆ ಇದೆ. ಆ ಬಾಡಿಗೆದಾರ ಸುಳ್ಳು ಕಾರಣ ಹೇಳಿ ಸಿಕ್ಕಿಬಿದ್ದಿದ್ದ, ಮಾಲೀಕ ಗೆದ್ದಿದ್ದ. ಮೂಲ ಪ್ರತಿ ಇದ್ದದ್ದು ಒಂದೇ. ಹೊತ್ತು ಉಳಿಸಲು ಹಾಳೆಗಳನ್ನು ಬಿಡಿಸಿ ಟೈಪಿಸ್ಟರಿಬ್ಬರಿಗೂ ಹಂಚುವುದು ನಮ್ಮಲ್ಲಿ ರೂಢಿ. ಮಾವ ಮೊದಲ ಒಂಬತ್ತು ಪುಟ ಹಿಂದಿನ ದಿನವೇ ಓದಿದ್ದರು. ಹೆಡ್‌ನೋಟ್ ಬರೆಯಲು ಕೂತಾಗ ಹತ್ತನೇ ಪುಟ ಒಬ್ಬನ ಬಳಿ ಇತ್ತು, ಹದಿಮೂರರಿಂದ ಹದಿನೈದು ಇನ್ನೊಬ್ಬನ ಬಳಿ. ಮಾವನ ಕೈಯಲ್ಲಿದ್ದದ್ದು ಹನ್ನೊಂದು, ಹನ್ನೆರಡು ಮತ್ತು ಕೊನೆಯ ಹಾಳೆ. ಬೇರೆ ದಿನವಾಗಿದ್ದರೆ ಕಾಯುತ್ತಿದ್ದರು. ಅವತ್ತು ಕೆಳಗಿನಿಂದ ಯಂತ್ರದವನು ಎರಡು ಸಲ ಕೂಗು ಹಾಕಿದ್ದ. ಮಾವ ಆ ಮೂರು ಹಾಳೆ ಓದಿದರು, ಪೆನ್ನು ತೆಗೆದರು, ಬರೆದರು:

"ಮನೆಗೆ ಆರು ತಿಂಗಳು ಬೀಗ ಬಿದ್ದಿದ್ದರೆ ಅಷ್ಟೇ ಸಾಕು, ಬೀಗ ಬಿದ್ದ ಕಾರಣ ಅಪ್ರಸ್ತುತ."

ನಾಲ್ಕು ಗಂಟೆಗೆ ನಾನು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದತೊಡಗಿದೆ. ಹತ್ತನೇ ಪುಟದ ಕೆಳಗಿನ ಸಾಲಿನಲ್ಲಿ ಇತ್ತು: ಮಾಲೀಕರ ಪರ ವಕೀಲರು ಈ ಮುಂದಿನಂತೆ ವಾದಿಸಿದರು. ಹನ್ನೊಂದು, ಹನ್ನೆರಡು ಪೂರ್ತಿ ಆ ವಕೀಲನ ವಾದ. ಹದಿಮೂರರಲ್ಲಿ ನ್ಯಾಯಾಧೀಶರು, ಈ ವಾದವನ್ನು ನಾವು ಒಪ್ಪುವುದಿಲ್ಲ ಎಂದಿದ್ದರು. ಕಾರಣ ವಿಚಾರಿಸದೆ ಯಾರನ್ನೂ ಬಿಡಿಸುವಂತಿಲ್ಲ, ಆದರೆ ಈತ ಹೇಳಿದ ಕಾರಣ ಸುಳ್ಳು, ಆದ್ದರಿಂದ ಬಿಡಬೇಕು. ಸೋತ ವಾದವನ್ನೇ ಮಾವ ತೀರ್ಪು ಎಂದು ನೆತ್ತಿಯ ಮೇಲೆ ಕೂರಿಸಿದ್ದರು. ಗೆದ್ದವನು ಮಾಲೀಕನೇ ಆದ್ದರಿಂದ ಮೇಲಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತಿತ್ತು.

ನನಗೆ ಕಂಡಿತು. ಸ್ಪಷ್ಟವಾಗಿ ಕಂಡಿತು. ಮಾವ ಎಂಟು ಹೆಜ್ಜೆ ದೂರದಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು, ತಿದ್ದಲು ಮೂರು ನಿಮಿಷ ಸಾಕಿತ್ತು. ನಾನು ಓದುವುದನ್ನು ನಿಲ್ಲಿಸಿದ್ದು ನೋಡಿ ಎದುರಿನವಳು, "ಏನ್ರೀ?" ಎಂದಳು. "ಏನಿಲ್ಲ, ಗಂಟಲು" ಎಂದೆ. ನಾನು ಅಕ್ಷರ ನೋಡುವವಳು ತಾನೇ? ಅಕ್ಷರ ಎಲ್ಲ ಸರಿಯಾಗಿತ್ತು. ಯಾರಾದರೂ ವಕೀಲ ನಾಳೆ ಓದಿ ಫೋನು ಮಾಡುತ್ತಾನೆ, ಯಜಮಾನರ ಮುಂದೆ ಮಾವನ ಮುಖ ಸಪ್ಪಗಾಗುತ್ತದೆ, ಆಗ ನಾನು ಸುಮ್ಮನೆ ನೋಡುತ್ತೇನೆ. ಚೆನ್ನಾಗಿ ಅನುಭವಿಸಲಿ ಅಂದುಕೊಂಡೆ. ಥೂ, ಇದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ.

ಯಾರೂ ಫೋನು ಮಾಡಲಿಲ್ಲ. ಒಂದು ವಾರ ಕಾದೆ, ಒಂದು ತಿಂಗಳು ಕಾದೆ. ಅಷ್ಟರಲ್ಲಿ ನನ್ನ ಸಿಟ್ಟು ಇಳಿದಿತ್ತು, ಆದರೆ ಹೋಗಿ ಹೇಳಲು ನಾಲಿಗೆ ಏಳಲಿಲ್ಲ. ಹೇಳಿದರೆ, ಅವತ್ತೇ ಯಾಕೆ ಹೇಳಲಿಲ್ಲ ಅನ್ನುತ್ತಾರಲ್ಲ.

ಆ ಸಾಲು ಬಹಳ ಚೆನ್ನಾಗಿತ್ತು, ಅದೇ ಕುತ್ತಾಯಿತು. ಚಿಕ್ಕದು, ನೆನಪಿಟ್ಟುಕೊಳ್ಳಲು ಸುಲಭ. ಮೊದಲು ಒಬ್ಬ ವಕೀಲ ಕೆಳ ನ್ಯಾಯಾಲಯದಲ್ಲಿ ಅದನ್ನು ಓದಿ ಗೆದ್ದ. ಅಲ್ಲಿಯ ನ್ಯಾಯಾಧೀಶರ ಮುಂದೆ ದಿನಕ್ಕೆ ಎಂಬತ್ತು ಕೇಸು, ಅವರೂ ಹೆಡ್‌ನೋಟನ್ನೇ ನೋಡಿದರು. ಆಮೇಲೆ ಬಾಡಿಗೆ ಕಾಯಿದೆಗೆ ದಪ್ಪ ವ್ಯಾಖ್ಯಾನ ಬರೆದ ಹಿರಿಯ ವಕೀಲರ ಸರದಿ. ಅವರು ವರ್ಷಕ್ಕೊಮ್ಮೆ ನಮ್ಮ ಸಂಪುಟಗಳನ್ನು ಕಾರಿನಲ್ಲಿ ತುಂಬಿಕೊಂಡು ಹೋಗಿ, ಹೆಡ್‌ನೋಟುಗಳನ್ನು ಪೋಣಿಸಿ ಹೊಸ ಆವೃತ್ತಿ ತರುತ್ತಿದ್ದರು. ಏಳನೇ ಆವೃತ್ತಿಯಲ್ಲಿ ಮಾವನ ಸಾಲು ಇದ್ದ ಹಾಗೇ ಬಂತು, ದಪ್ಪಕ್ಷರದಲ್ಲಿ. ಮಾವ ಅವತ್ತು ಆಫೀಸಿಗೆಲ್ಲ ಸಿಹಿ ಹಂಚಿದರು. ನನಗೆ ಎರಡು ತುಂಡು ಕೊಟ್ಟು, "ನಿನ್ನ ಮಾವನ ಮಾತು ಈಗ ಶಾಸ್ತ್ರದಲ್ಲಿ ಸೇರ್ತು ಕಣೇ" ಎಂದರು. ಎರಡನ್ನೂ ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟೆ.

ಆರನೇ ವರ್ಷ ದೊಡ್ಡ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವೇ, ಇದು ಈಗಾಗಲೇ ಇತ್ಯರ್ಥವಾದ ವಿಷಯ, ವ್ಯಾಖ್ಯಾನ ನೋಡಿ ಎಂದು ಆ ಸಾಲನ್ನು ಎತ್ತಿ ಬರೆಯಿತು. ಅಲ್ಲಿಂದ ಮುಂದೆ ವಕೀಲರ ಕಸುಬೇ ಬದಲಾಯಿತು. ಮಾಲೀಕರ ಕಡೆಯವರು ಬೀಗ ಬಿದ್ದ ದಿನದಿಂದ ಎಣಿಸತೊಡಗಿದರು. ಬಾಡಿಗೆದಾರರ ಕಡೆಯವರು, ಎಲ್ಲಿಗೆ ಹೋದರೂ ಐದನೇ ತಿಂಗಳು ಬಂದು ಬೀಗ ತೆಗೆದು ನಾಲ್ಕು ದಿನ ಇದ್ದು ಹೋಗಿ, ಆಸ್ಪತ್ರೆಯಲ್ಲಿದ್ದರೆ ನೆಂಟರನ್ನಾದರೂ ಕೂರಿಸಿ ಎಂದು ಬುದ್ಧಿ ಹೇಳತೊಡಗಿದರು. ಯಾಕೆ ಹೋಗಿದ್ದಿರಿ ಎಂದು ಯಾರೂ ಯಾರನ್ನೂ ಕೇಳುವುದು ನಿಂತುಹೋಯಿತು. ಹೊಸ ಹೊಸ ತೀರ್ಪುಗಳಲ್ಲಿ ಆ ಸಾಲು ಮತ್ತೆ ಮತ್ತೆ ನಮ್ಮ ಮೇಜಿಗೇ ವಾಪಸು ಬರುತ್ತಿತ್ತು, ನಾನೇ ಅದನ್ನು ಗಟ್ಟಿಯಾಗಿ ಓದಬೇಕಿತ್ತು. ಹನ್ನೆರಡು ಸಲದವರೆಗೆ ಎಣಿಸಿದೆ, ಆಮೇಲೆ ಎಣಿಸುವ ಧೈರ್ಯವಾಗಲಿಲ್ಲ. ಪ್ರತಿ ಸಲವೂ ಹೆಸರಿಲ್ಲದ ಯಾರದೋ ಮನೆ ಹೋಗಿರುತ್ತಿತ್ತು. ನಾನು ಅಲ್ಪವಿರಾಮ, ಪೂರ್ಣವಿರಾಮ ಹೇಳಿ ಮುಂದಿನ ಪುಟ ತಿರುಗಿಸುತ್ತಿದ್ದೆ.

ಹೋದ ವರ್ಷ ಒಂದು ಸೋಮವಾರ ಒಬ್ಬ ವಕೀಲೆ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ವಕೀಲಿಗೆ ಬಂದು ಎರಡೇ ವರ್ಷ, ಕೋಟಿನ ತೋಳು ಇನ್ನೂ ಉದ್ದ. ಕೈಯಲ್ಲಿ ನಮ್ಮ ಹಳೆಯ ಸಂಪುಟ.

"ಚುಟುಕು ಮೇಷ್ಟ್ರು ಅಂದ್ರೆ ನೀವೇನಾ ಸರ್? ಈ ತೀರ್ಪಿನ ಹೆಡ್‌ನೋಟ್ ನಂಗೆ ಬೇಕಿತ್ತು. ಲೈಬ್ರರಿ ಪುಸ್ತಕದಲ್ಲಿ ಯಾರೋ ಪುಣ್ಯಾತ್ಮರು ಆ ಹಾಳೆನೇ ಹರ್ಕೊಂಡು ಹೋಗಿದಾರೆ."

ಅವಳು ತೋರಿಸಿದ್ದು ಅದೇ ಬಾಡಿಗೆ ಮನೆಯ ತೀರ್ಪು. ಮಾವ ಕುರ್ಚಿಯಲ್ಲಿ ಹಿಂದಕ್ಕೊರಗಿ ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುವ ಹಾಗೆ ಆ ಸಾಲು ಹೇಳಿದರು. ವಕೀಲೆ ಕೇಳಿದಳು, ತಲೆ ಅಲ್ಲಾಡಿಸಿದಳು.

"ವ್ಯಾಖ್ಯಾನದಲ್ಲೂ ಹಾಗೇ ಇದೆ ಸರ್. ಆದ್ರೆ ನಾನು ಹಾಳೆ ಇಲ್ದೇ ಇದ್ದಿದ್ರಿಂದ ಪೂರ್ತಿ ತೀರ್ಪು ಓದ್ಬೇಕಾಯ್ತು. ಅದ್ರಲ್ಲಿ ಹಾಗಿಲ್ವಲ್ಲ?"

"ಮೂವತ್ತು ವರ್ಷದಿಂದ ಬರೀತಿದೀನಮ್ಮ."

"ಅದಕ್ಕೇ ಕೇಳೋಕೆ ಬಂದೆ ಸರ್."

ಅವಳು ಕೂತು ತನ್ನ ಕೇಸು ಹೇಳಿದಳು. ಒಬ್ಬ ಹೆಂಗಸು, ಅರವತ್ತು ದಾಟಿದೆ, ಟೈಲರ್ ಅಂಗಡಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕಿಕೊಡುವವಳು. ಬೀದಿಯವರೆಲ್ಲ ಅವಳನ್ನು ಕಾಜಾ ಅಕ್ಕ ಅನ್ನುತ್ತಾರೆ. ಇಪ್ಪತ್ತಾರು ವರ್ಷದಿಂದ ಒಂದು ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಮಗಳಿಗೆ ಬೇರೆ ಊರಿನಲ್ಲಿ ಬೆಂಕಿ ತಗುಲಿ ಮೈ ಸುಟ್ಟಿತು. ಎಂಟು ತಿಂಗಳು ಆಸ್ಪತ್ರೆಯಲ್ಲಿ ಮಗಳ ಮಂಚದ ಕೆಳಗೆ ಮಲಗಿ, ಅವಳನ್ನು ಉಳಿಸಿಕೊಂಡು ಬಂದು ನೋಡಿದರೆ ಬಾಗಿಲಿಗೆ ನೋಟೀಸು ಅಂಟಿಸಿದೆ. ಕೆಳ ನ್ಯಾಯಾಲಯ ಆಸ್ಪತ್ರೆಯ ಕಾಗದ ಮುಟ್ಟಿಯೂ ನೋಡಲಿಲ್ಲ, ಕಾರಣ ಅಪ್ರಸ್ತುತ ಎಂದಿತು. ಈಗ ದೊಡ್ಡ ನ್ಯಾಯಾಲಯದಲ್ಲಿ ಮೇಲ್ಮನವಿ, ಗುರುವಾರ ವಿಚಾರಣೆ. ಸೋತರೆ ತಾಯಿ ಮಗಳಿಬ್ಬರೂ ಬೀದಿಗೆ.

ಮಾವ ಕಪಾಟಿನಿಂದ ಆ ತೀರ್ಪಿನ ಮೂಲ ಪ್ರತಿ ತೆಗೆದು ಓದತೊಡಗಿದರು. ಹತ್ತನೇ ಪುಟದ ತಳಕ್ಕೆ ಬಂದಾಗ ಅವರ ಬೆರಳು ನಿಂತಿತು. ಮುಂದಕ್ಕೆ ಹೋದರು, ಹಿಂದಕ್ಕೆ ಬಂದರು, ಮತ್ತೆ ಮುಂದಕ್ಕೆ ಹೋದರು. ಹದಿಮೂರನೇ ಪುಟ ಓದಿ ಮುಗಿಸಿ ಕನ್ನಡಕ ತೆಗೆದಿಟ್ಟರು. ಅವರ ಮುಖ ನಾನು ಹಿಂದೆಂದೂ ಹಾಗೆ ನೋಡಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಅದೇ ಮುಖ ನೋಡಬೇಕೆಂದು ನಾನು ಬಯಸಿದ್ದೆ. ನೋಡಿದಾಗ ಎದ್ದು ಹೊರಗೆ ಓಡಿಹೋಗೋಣ ಅನ್ನಿಸಿತು.

"ಹತ್ತನೇ ಹಾಳೆ ಅವತ್ತು ಎಲ್ಲಿತ್ತೇ?" ಎಂದು ನನ್ನನ್ನು ಕೇಳಿದರು.

"ಟೈಪಿಗೆ ಹೋಗಿರ್ಬೇಕು ಮಾವ."

"ಪ್ರೂಫ್ ಓದಿದ್ದು ಯಾರು?"

"ಹದಿನಾಲ್ಕು ವರ್ಷ ಆಯ್ತಲ್ಲ ಮಾವ, ಯಾರಿಗೆ ನೆನಪಿರುತ್ತೆ?"

ನೋಡಿ, ಎರಡನೇ ಸಲ. ಮೊದಲನೆಯದಕ್ಕೆ ಸಿಟ್ಟಿನ ನೆವವಾದರೂ ಇತ್ತು, ಇದಕ್ಕೆ ಅದೂ ಇಲ್ಲ. ಮಾವ ನನ್ನ ಮಾತು ನಂಬಿ, "ಹೌದು, ಅವರದ್ದೇನು ತಪ್ಪು, ಬರೆದವನು ನಾನು" ಎಂದರು.

ನೇರ ಯಜಮಾನರ ಕೋಣೆಗೆ ಹೋಗಿ, ತಿದ್ದುಪಡಿ ಹಾಕಬೇಕು, ಬುಧವಾರ ಹೊರಬರುವ ಈ ತಿಂಗಳ ಸಂಚಿಕೆಯಲ್ಲೇ ಹಾಕಬೇಕು ಎಂದರು. ಬಾಗಿಲು ತೆರೆದೇ ಇತ್ತು, ನಮಗೆಲ್ಲ ಕೇಳುತ್ತಿತ್ತು.

"ನಿಮಗೇನು ತಲೆ ಕೆಟ್ಟಿದೆಯೇನ್ರೀ? ಇದನ್ನ ಅಚ್ಚು ಹಾಕಿದ್ರೆ ನಾಳೆಯಿಂದ ಯಾರ್ರೀ ನಮ್ಮ ಪುಸ್ತಕ ನಂಬ್ತಾರೆ?"

"ಹಾಕದೇ ಇದ್ರೆ ನಾಳೆಯಿಂದ ನಾನು ಬರಿಯಲ್ಲ."

ಯಜಮಾನರು ಗೊಣಗಿದರು, ಮೇಜು ಕುಟ್ಟಿದರು, ಕೊನೆಗೆ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಜಾಗ ಕೊಟ್ಟರು. ನಮ್ಮ ಪತ್ರಿಕೆಯಲ್ಲಿ ತಿದ್ದುಪಡಿಗೆ ಯಾರೂ ಹೆಸರು ಹಾಕುವುದಿಲ್ಲ. ಮಾವ ತಮ್ಮ ಹೆಸರು ಹಾಕಿದರು. ಸಾರಾಂಶ ಬರೆದವನು ವಕೀಲರ ವಾದವನ್ನು ನ್ಯಾಯಾಲಯದ ಅಭಿಪ್ರಾಯವೆಂದು ಭಾವಿಸಿದ್ದು ತಪ್ಪು ಎಂದು ಬರೆದು ಕೆಳಗೆ ಸಹಿ. ಆ ಪ್ರೂಫನ್ನೂ ನಾನೇ ಓದಿದೆ.

ಗುರುವಾರ ಮಾವ ನ್ಯಾಯಾಲಯಕ್ಕೆ ಹೊರಟರು. "ನೀನೂ ಬಾ, ಒಬ್ಬನೇ ಹೋಗೋಕೆ ಧೈರ್ಯ ಸಾಲ್ದು" ಎಂದರು. ಮೂವತ್ತು ವರ್ಷದಲ್ಲಿ ಅವರು ಆ ಕಟ್ಟಡದ ಒಳಗೆ ಕಾಲಿಟ್ಟಿರಲಿಲ್ಲ. ಕೊನೆಯ ಬೆಂಚಿನಲ್ಲಿ ಕೂತೆವು. ನಮ್ಮ ಮುಂದಿನ ಬೆಂಚಿನಲ್ಲಿ ಕಾಜಾ ಅಕ್ಕ. ತೆಳ್ಳಗಿನ ಹೆಂಗಸು, ಬಲಗೈ ಹೆಬ್ಬೆರಳಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ತೊಡೆಯ ಮೇಲೆ ಆಸ್ಪತ್ರೆಯ ಕಾಗದದ ಚೀಲ ಇಟ್ಟುಕೊಂಡು, ಯಾರು ಕೇಳಿದರೂ ತಕ್ಷಣ ಕೊಡಬೇಕು ಅನ್ನುವ ಹಾಗೆ ಬಾಯಿ ಬಿಚ್ಚಿಟ್ಟಿದ್ದಳು.

ವಕೀಲೆ ಚೆನ್ನಾಗಿ ವಾದಿಸಿದಳು. ತಿದ್ದುಪಡಿ ಕೊಟ್ಟಳು, ಮೂಲ ತೀರ್ಪಿನ ಹತ್ತರಿಂದ ಹದಿನಾಲ್ಕು ಪುಟ ಓದಿದಳು. ನ್ಯಾಯಾಧೀಶರು ತಾಳ್ಮೆಯ ಮನುಷ್ಯ, ಪೂರ್ತಿ ಕೇಳಿದರು, ತಾವೂ ಓದಿದರು. ಆಮೇಲೆ ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ನೀವು ಹೇಳ್ತಿರೋದು ಸರಿಯಮ್ಮ. ಮೂಲದಲ್ಲಿ ಹಾಗಿಲ್ಲ. ಹೆಡ್‌ನೋಟ್ ತಪ್ಪು. ಆದ್ರೆ ಆಮೇಲೆ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನೇ ಒಪ್ಪಿಕೊಂಡು ತೀರ್ಪು ಕೊಟ್ಟಿದೆ. ನಾನು ಇಲ್ಲಿ ಒಬ್ಬನೇ ಕೂತಿದೀನಿ. ಅವರು ಹೇಳಿದ್ದು ಎಲ್ಲಿಂದ ಬಂತು ಅಂತ ಕೇಳೋ ಅಧಿಕಾರ ನಂಗಿಲ್ಲ."

ಕಾಜಾ ಅಕ್ಕನ ಮೇಲ್ಮನವಿ ವಜಾ ಆಯಿತು. ಮನೆ ಬಿಡಲು ಎರಡು ತಿಂಗಳು ಕೊಟ್ಟರು. ಚೀಲ ಅವಳ ತೊಡೆಯ ಮೇಲೆ ಬಿಚ್ಚಿಕೊಂಡೇ ಇತ್ತು, ಯಾರೂ ಕೇಳಲಿಲ್ಲ.

ಹೊರಗೆ ಪಡಸಾಲೆಯಲ್ಲಿ ವಕೀಲೆ, ಇನ್ನೂ ದೊಡ್ಡ ಪೀಠದ ಮುಂದೆ ಹೋಗಬಹುದು, ನಾಲ್ಕೈದು ವರ್ಷ ಹಿಡಿಯಬಹುದು ಎಂದು ಹೇಳುತ್ತಿದ್ದಳು. "ಸಾಕಮ್ಮ. ಮಗಳಿಗೆ ಬಟ್ಟೆ ಬದಲಾಯಿಸೋ ಹೊತ್ತಾಯ್ತು" ಎಂದಳು ಕಾಜಾ ಅಕ್ಕ. ಆಮೇಲೆ ಮಾವನ ಕಡೆ ತಿರುಗಿದಳು. ಮಾವ ಗೋಡೆಗೆ ಅಂಟಿಕೊಂಡು ನಿಂತಿದ್ದರು.

"ನೀವೇ ಅಂತಲ್ಲ, ಪುಸ್ತಕ ಬರೆಯೋರು? ಇಷ್ಟು ದೊಡ್ಡವರು ನನ್ನಂಥವಳಿಗೋಸ್ಕರ ತಪ್ಪಾಯ್ತು ಅಂತ ಬರ್ಕೊಟ್ರಿ. ಯಾರು ಹಾಗೆ ಬರ್ಕೊಡ್ತಾರೆ ಹೇಳಿ? ನಿಮ್ಮ ಹೊಟ್ಟೆ ತಣ್ಣಗಿರ್ಲಿ ಅಣ್ಣ."

ಮಾವ ಕೈ ಜೋಡಿಸಲು ಹೋದರು, ಕೈ ಅರ್ಧಕ್ಕೇ ನಿಂತಿತು. ಬಾಯಿ ತೆರೆದರು, ಒಂದು ಅಕ್ಷರ ಹೊರಡಲಿಲ್ಲ. ಅವಳು ನನಗೂ ತಲೆ ಬಾಗಿಸಿ ಹೋದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮುಂದಿನ ತಿಂಗಳು ಆ ತೀರ್ಪು ಅಚ್ಚಿಗೆ ಬಂತು. ಬಾರದೆ ಇರುತ್ತದೆಯೇ, ವಕೀಲರಿಗೆ ಮುಖ್ಯವಾದ ತೀರ್ಪು. ಯಜಮಾನರು ಬೇರೆಯವರ ಕೈಲಿ ಬರೆಸೋಣ ಎಂದರು. ಮಾವ ಒಪ್ಪಲಿಲ್ಲ. ಒಂದು ಹಾಳೆಯನ್ನೂ ಟೈಪಿಗೆ ಕೊಡದೆ ನನ್ನನ್ನು ಎದುರು ಕೂರಿಸಿಕೊಂಡು, "ಮೊದಲಿಂದ ಓದು" ಎಂದರು. ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಮಾವ ಬರೆದರು: ಮೂಲ ತೀರ್ಪಿನ ಸಾರಾಂಶ ತಪ್ಪಾಗಿದ್ದರೂ ಹಿರಿಯ ಪೀಠ ಅದನ್ನು ಅನುಸರಿಸಿರುವುದರಿಂದ ಬೀಗ ಬಿದ್ದ ಕಾರಣವನ್ನು ವಿಚಾರಿಸುವಂತಿಲ್ಲ. ಬರೆದು ನನ್ನ ಕಡೆ ತಳ್ಳಿದರು.

"ನೋಡೇ, ಸರಿಯಾಗಿದೆಯಾ?"

ಸರಿಯಾಗಿತ್ತು. ಒಂದು ಪದ ತೆಗೆಯುವ ಹಾಗಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಮಾವ, ಅವತ್ತು ಪ್ರೂಫ್ ಓದಿದ್ದು ನಾನೇ. ನಂಗೆ ಗೊತ್ತಾಗಿತ್ತು. ನೀವು ಎಲ್ರ ಮುಂದೆ ಬೈದಿದ್ರಿ, ಅದಕ್ಕೆ ಸುಮ್ನಿದ್ದೆ."

ಮಾವ ಹಾಳೆಗಳನ್ನು ಒಂದೊಂದಾಗಿ ಜೋಡಿಸಿಟ್ಟರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು.

"ಅವತ್ತು ಹೇಳಿದ್ರೆ ನಾನು ಕೇಳ್ತಿದ್ನೇನೇ?" ಎಂದರು ಕೊನೆಗೆ, ಮೆಲ್ಲಗೆ. ನನಗೆ ಒಂದು ನೆವ ಕೊಡಲೆಂದೇ ಕೇಳಿದರು ಅಂತ ಈಗಲೂ ನಂಬಿದ್ದೇನೆ.

ಹದಿನಾಲ್ಕು ವರ್ಷ ಅದನ್ನೇ ನನಗೆ ನಾನು ಹೇಳಿಕೊಂಡು ಬಂದಿದ್ದೆ, ಹೇಳಿದರೂ ಕೇಳುತ್ತಿರಲಿಲ್ಲ ಅಂತ. ಮಾವನ ಮುಖ ನೋಡಿ ಅದನ್ನು ಹೇಳಲು ಆಗಲಿಲ್ಲ.

"ಕೇಳ್ತಿದ್ರಿ ಮಾವ. ಇನ್ನೂ ನಾಲ್ಕು ಬೈದು, ಆಮೇಲೆ ತಿದ್ತಿದ್ರಿ."

"ಹೂಂ" ಎಂದರು. ಪೆನ್ನಿನ ಮುಚ್ಚಳ ಹಾಕಿದರು. "ನಂಗೆ ಹೇಳಿ ಏನು ಬಂತೇ? ಮನೆ ಹೋಗಿದ್ದು ನಂದಲ್ಲ."

ಭಾನುವಾರ ಹೋದೆ. ಓಣಿಯ ಕೊನೆಯಲ್ಲಿ ಗಡಿಯಾರ ರಿಪೇರಿ ಅಂಗಡಿ, ಪಕ್ಕದಲ್ಲಿ ಕಿರಿದಾದ ಮರದ ಮೆಟ್ಟಿಲು. ಮೇಲೆ ಬಾಗಿಲು ತೆರೆದಿತ್ತು. ಪಾತ್ರೆಗಳೆಲ್ಲ ಎರಡು ಡಬ್ಬದಲ್ಲಿ ತುಂಬಿದ್ದವು, ಹಾಸಿಗೆ ಸುತ್ತಿಟ್ಟಿತ್ತು. ಒಳಕೋಣೆಯಲ್ಲಿ ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಕತ್ತಿನ ಹಿಂದೆ ಸುಟ್ಟ ಚರ್ಮ ಮಿರುಗುತ್ತಿತ್ತು. ಕಾಜಾ ಅಕ್ಕ ನೆಲದ ಮೇಲೆ ಕೂತು ಗುಂಡಿಗಳನ್ನು ಬಣ್ಣವಾರು ಚೀಟಿಗೆ ಕಟ್ಟುತ್ತಿದ್ದಳು. ನನ್ನನ್ನು ಗುರುತು ಹಿಡಿದು ಗಡಿಬಿಡಿಯಿಂದ ಎದ್ದಳು.

"ಅಯ್ಯೋ, ಪುಸ್ತಕದೋರು! ಬಾಮ್ಮ, ಕೂತ್ಕೊ. ಎಲ್ಲಾ ಕಟ್ಬಿಟ್ಟಿದೀನಿ, ಇರು, ಒಂದು ಲೋಟ ತೆಗೀತೀನಿ, ಚಹಾ ಕುಡ್ಕೊಂಡು ಹೋಗು."

"ಬೇಡ ಅಕ್ಕ" ಎಂದೆ. ನಿಂತೇ ಹೇಳಿದೆ. ಕೂತರೆ ಹೇಳಲಾರೆ ಅನ್ನಿಸಿತು. ಹಾಳೆ ಹಂಚಿದ್ದು, ನಾನು ಓದಿದ್ದು, ನನಗೆ ಕಂಡದ್ದು, ಇಪ್ಪತ್ತು ನಿಮಿಷ ಇದ್ದದ್ದು. ಅವಳಿಗೆ ಮೊದಲು ಅರ್ಥವಾಗಲಿಲ್ಲ. "ನಿಮ್ಮ ಮಾವನೋರು ಬರ್ಕೊಟ್ರಲ್ಲಮ್ಮ" ಎಂದು ನನಗೇ ಸಮಾಧಾನ ಹೇಳಿದಳು. ಇನ್ನೊಮ್ಮೆ ಹೇಳಿದೆ. ತಪ್ಪಾಗಿದೆ ಅಂತ ಗೊತ್ತಿದ್ದೂ ಸುಮ್ಮನಿದ್ದೆ ಅಂತ ಬಿಡಿಸಿ ಹೇಳಿದೆ.

ಅವಳ ಕೈಯಲ್ಲಿದ್ದ ಗುಂಡಿಯ ಚೀಟಿ ಹಾಗೇ ನಿಂತಿತು.

"ಯಾಕಮ್ಮ? ನಾನು ನಿಂಗೇನು ಮಾಡಿದ್ದೆ?"

"ನೀವೇನೂ ಮಾಡಿರ್ಲಿಲ್ಲ ಅಕ್ಕ. ನೀವು ಯಾರು ಅಂತಾನೇ ಗೊತ್ತಿರ್ಲಿಲ್ಲ. ನಮ್ಮ ಮಾವನ ಮೇಲೆ ಸಿಟ್ಟಿತ್ತು."

"ಯಾತಕ್ಕೆ?"

"ಒಂದು ಮಾತು ಅಂದಿದ್ರು. ಎಲ್ರ ಮುಂದೆ."

ಅವಳು ನನ್ನ ಮುಖವನ್ನೇ ನೋಡಿದಳು. ಇನ್ನೇನೋ ಇದೆ, ಹೇಳುತ್ತಾಳೆ ಎಂದು ಕಾಯುವವರ ಹಾಗೆ ಕಾದಳು. ನನ್ನ ಹತ್ತಿರ ಇನ್ನೇನೂ ಇರಲಿಲ್ಲ.

"ಅಷ್ಟಕ್ಕಾ?" ಎಂದಳು.

ಬೈಯಲಿಲ್ಲ, ಅಳಲಿಲ್ಲ. ಮತ್ತೆ ಕೂತು ಗುಂಡಿ ಎಣಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಕೆಳಗೆ ಗಾಡಿಯವನು ಕೂಗಿದ. ಅವಳು ಎದ್ದು ಹೊಲಿಗೆ ಯಂತ್ರದ ಒಂದು ಬದಿ ಹಿಡಿದು ಎತ್ತಲು ನೋಡಿದಳು. ಭಾರವಿತ್ತು. ನಾನು ಓಡಿಹೋಗಿ ಇನ್ನೊಂದು ಬದಿಗೆ ಕೈ ಹಾಕಿದೆ.

"ಬೇಡ, ಬಿಡು" ಎಂದಳು.

ಬಿಟ್ಟೆ. ಅವಳು ಒಬ್ಬಳೇ ಅದನ್ನು ಒಂದೊಂದು ಮೆಟ್ಟಿಲಿಗೂ ಇಳಿಸಿ, ಇಳಿಸಿ ಕೆಳಗೆ ತಂದಳು. ನಾನು ಮೇಲೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.